ಬಟ್ಟಲು ತೊಳೆದ ನಾಯಕ

ಊಟ ಮುಗಿದ ಮೇಲೆ ಸಂಕಪ್ಪ ಬಟ್ಟಲಿಗೇ ನೀರು ಸುರಿದು ಕೈ ತೊಳೆಯುತ್ತಾನೆ. ಹೆಗಲ ಬೈರಾಸಿಗೆ ಕೈ ಒರಸಿಕೊಂಡು ಏಳುತ್ತಾನೆ. ಅನ್ನದ ಅಗುಳು ತೇಲುವ ಆ ನೀರಿನ ಸಮೇತ ಬಟ್ಟಲು ಅಲ್ಲೇ ಇರುತ್ತದೆ. ಅದು ಹೇಗೆ ಒಳಗೆ ಹೋಗಿ, ತೊಳೆಸಿಕೊಂಡು, ಮರುದಿನ ಹೊಳೆಯುತ್ತ ಎದುರಿಗೆ ಬರುತ್ತದೆ ಎಂದು ಅವನು ಕೇಳಿದವನಲ್ಲ. ಸೂರ್ಯ ಹೇಗೆ ಹುಟ್ಟುತ್ತಾನೆ ಎಂದು ಕೂಡ ಅವನು ಕೇಳಿಲ್ಲ.

ಅವನಿಗೆ ತೊಳೆಯಲು ಬರುವುದಿಲ್ಲ ಎಂದೇನಲ್ಲ. ಹದಿಮೂರನೆಯ ವಯಸ್ಸಿಗೆ ಬೊಂಬಾಯಿಗೆ ಹೋಗಿ, ಊರಿನವರದೇ ಹೋಟೆಲಿನಲ್ಲಿ ಪ್ಲೇಟು ತೊಳೆಯುವ ಕೆಲಸದಿಂದ ಶುರುಮಾಡಿ, ಸಪ್ಲಾಯರ್ ಆಗಿ, ಕೊನೆಗೆ ಕ್ಯಾಶಿನಲ್ಲಿ ಕೂತವನು. "ಜನ್ಮಕ್ಕೆ ಬೇಕಾದಷ್ಟು ಅಲ್ಲೇ ತೊಳೆದಾಗಿದೆ ಮಾರಾಯ್ತಿ," ಎನ್ನುತ್ತಾನೆ. ಹೆಂಡತಿ ನೀಲಾವತಿಯ ಜನ್ಮಕ್ಕೆ ಎಷ್ಟು ಬೇಕು ಎಂಬ ಲೆಕ್ಕ ಯಾರೂ ಹಾಕಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಬೀಡಿ ಕಟ್ಟಿದ ಅವಳ ಬಲಗೈ ಮಣಿಕಟ್ಟು ಈಗ ಬಾತುಕೊಂಡಿದೆ. "ಪಾತ್ರೆ ತಿಕ್ಕಬೇಡಿ, ಭಾರ ಎತ್ತಬೇಡಿ," ಎಂದು ಬಂಟ್ವಾಳದ ಡಾಕ್ಟರು ಹೇಳಿದರು. ಪಕ್ಕದಲ್ಲೇ ನಿಂತಿದ್ದ ಸಂಕಪ್ಪ, "ಕೇಳಿತಾ? ಎಲ್ಲ ಸೊಸೆಗೆ ಬಿಡು," ಎಂದ. ಸೊಸೆ ಅಕ್ಷಿತಾ ಬಿ.ಸಿ.ರೋಡಿನ ಸೊಸೈಟಿಯೊಂದರಲ್ಲಿ ದಿನವಿಡೀ ಕಂಪ್ಯೂಟರ್ ಕುಟ್ಟಿ, ಸಂಜೆಯ ಬಸ್ಸಿಗೆ ನೇತಾಡಿಕೊಂಡು ಸಿದ್ಧಕಟ್ಟೆಗೆ ಬಂದು ಇಳಿಯುವವಳು. ಮಗ ಶೋಧನ್ ದುಬೈಯಲ್ಲಿದ್ದಾನೆ. ಅಲ್ಲಿ ರೂಮಿನಲ್ಲಿ ಅಡುಗೆ ಪಾತ್ರೆ ಎಲ್ಲ ಅವನದೇ. ರಜೆಗೆ ಊರಿಗೆ ಬಂದ ಕೂಡಲೇ ಆ ವಿದ್ಯೆ ಅವನಿಗೆ ಮರೆತುಹೋಗುತ್ತದೆ.

"ನಿಮ್ಮ ಬಟ್ಟಲು ನೀವೇ ತೊಳೆಯಿರಿ" ಎನ್ನುವುದು ಸಣ್ಣ ಮಾತು. ಆದರೆ ನೀಲಾವತಿಯ ಬಾಯಿಂದ ಅದು ಒಮ್ಮೆಯೂ ಹೊರಟಿರಲಿಲ್ಲ. ಹೇಳಿ ಮಾಡಿಸಿದರೆ ಅದು ಕೆಲಸ, ತಾನಾಗಿ ಮಾಡಿದರೆ ಪ್ರೀತಿ ಎಂದು ಅವಳು ನಂಬಿದ್ದಳು. ಹಾಗೆ ಮಾಡಿದ ಒಬ್ಬ ಗಂಡಸು ಅವಳಿಗೆ ಗೊತ್ತಿದ್ದ. ಅವನ ಹೆಸರು ಮುಕುಂದ.

ಮುಕುಂದ ಒಂದು ವಾರಪತ್ರಿಕೆಯ ಧಾರಾವಾಹಿ ಕಾದಂಬರಿಯ ನಾಯಕ. ನೀಲಾವತಿ ಮದುವೆಯಾಗಿ ಬಂದ ಹೊಸತರಲ್ಲಿ, ಗಂಡ ಬೊಂಬಾಯಿಯಲ್ಲಿದ್ದಾಗ, ಮಧ್ಯಾಹ್ನದ ಕೆಲಸ ಮುಗಿಸಿದ ಹೆಂಗಸರೆಲ್ಲ ನೆರೆಮನೆಯ ಅವ್ವಮ್ಮನ ಜಗಲಿಯಲ್ಲಿ ಮಡಿಲಿಗೆ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದರು. ಅವ್ವಮ್ಮ ಏಳನೇ ಕ್ಲಾಸಿನವರೆಗೆ ಓದಿದವಳು, ಒಳ್ಳೆಯ ಕಂಠ. ಪತ್ರಿಕೆ ಬಂದ ದಿನ ಅವಳು ಎಲೆ, ಹೊಗೆಸೊಪ್ಪು ಬದಿಗಿಟ್ಟು ಗಟ್ಟಿಯಾಗಿ ಓದಬೇಕು. ಕೇಳಿದವರು ತಮ್ಮ ತಮ್ಮ ಮೊರದಿಂದ ಒಂದಷ್ಟು ಬೀಡಿ ಅವಳ ಮೊರಕ್ಕೆ ಹಾಕಬೇಕು. ಓದಿದ್ದಕ್ಕೆ ಅದು ಕೂಲಿ.

ಕಾದಂಬರಿಯಲ್ಲಿ ಮುಕುಂದ ಬ್ಯಾಂಕ್ ಆಫೀಸರ್, ಮೈಸೂರಿನ ಭಟ್ಟರ ಮನೆಯವನು. ಅವನನ್ನು ಮದುವೆಯಾದ ವಾರಿಜಾ ಟೈಪಿಸ್ಟ್. ಒಂದು ದಿನ ವಾರಿಜಾ ಜ್ವರದಲ್ಲಿ ಸುಡುತ್ತ ಆಫೀಸಿನಿಂದ ಬರುತ್ತಾಳೆ. ಮುಕುಂದ ಬಿಸಿ ಗಂಜಿ ಬೇಯಿಸಿ, ಒಣ ಸಿಗಡಿ ಚಟ್ನಿ ಅರೆದು, ಅವಳಿಗೆ ಬಡಿಸುತ್ತಾನೆ. ಉಂಡು ಬಟ್ಟಲು ಎತ್ತಿಕೊಳ್ಳಲು ಹೊರಟವಳ ಕೈ ಹಿಡಿದು, "ಅಲ್ಲೇ ಬಿಡು ವಾರಿಜಾ, ಇಂದಿನಿಂದ ಅದು ನನ್ನದು," ಎನ್ನುತ್ತಾನೆ. ಅವಳ ಎಂಜಲು ಬಟ್ಟಲನ್ನು ತೊಳೆದು ಕವುಚಿ ಇಡುತ್ತಾನೆ. ಆ ದಿನ ಜಗಲಿಯಲ್ಲಿ ಎಲ್ಲರ ಕೈಯೂ ನಿಂತಿತ್ತು. ಅವ್ವಮ್ಮನ ಮೊರಕ್ಕೆ ಎಂದಿಗಿಂತ ಹೆಚ್ಚು ಬೀಡಿ ಬಿದ್ದಿತ್ತು.

ಈ ವರ್ಷ ಆ ಕಾದಂಬರಿ ಸಿನೆಮಾ ಆಯಿತು. ಟಿವಿ ಹಾಕಿದರೆ ಅದರದೇ ಜಾಹೀರಾತು. ಪೋಸ್ಟರಿನಲ್ಲಿ ಸ್ಟಾರುಗಳು ಎಷ್ಟೆಂದರೆ ಹೆಸರು ಬರೆಯಲು ಜಾಗ ಸಾಲದು. ನೀಲಾವತಿಗೆ ದಾರಿ ಸಿಕ್ಕಿತು. ತಾನು ಹೇಳುವುದು ಬೇಡ. ಕೋಟಿ ತಗೊಳ್ಳುವ ಹೀರೋ ಅಷ್ಟು ದೊಡ್ಡ ಪರದೆಯ ಮೇಲೆ ಬಟ್ಟಲು ತೊಳೆಯಲಿ, ಇವನು ನೋಡಲಿ.

"ಮೂಡುಬಿದಿರೆಗೆ ಒಂದು ಪಿಕ್ಚರಿಗೆ ಹೋಗುವಾ?" ಎಂದಳು.

ಸಂಕಪ್ಪ ಪತ್ರಿಕೆಯಿಂದ ಕಣ್ಣೆತ್ತಿದ. ಟೆಂಡರ್ ನೋಟೀಸನ್ನೂ ಬಿಡದೆ ಓದುವವನು. ಅಚ್ಚಾದದ್ದೆಲ್ಲ ಅವನಿಗೆ ಸತ್ಯ. "ಎಂತ ನಿನಗೆ ಈ ಪ್ರಾಯದಲ್ಲಿ ಲವ್ ಪಿಕ್ಚರ್?"

"ಕಾದಂಬರಿ ಆಧಾರಿತ ಅಂತೆ. ಪೇಪರಿನಲ್ಲಿ ಬಂದಿದೆ."

"ಹಾಗಾದರೆ ಹೋಗುವ."

ಹೋಗುವ ಮೊದಲು ನೀಲಾವತಿ ರಾತ್ರಿಯ ಸಾರು ಮಾಡಿಟ್ಟಳು, ಬಟ್ಟೆ ಒಳಗೆ ತಂದಳು, ಸಂಕಪ್ಪನ ಅಂಗಿಗೆ ಇಸ್ತ್ರಿ ಹಾಕಿದಳು. ಸಂಕಪ್ಪ ಅಂಗಿ ಹಾಕಿಕೊಂಡು, "ಹೆಂಗಸರು ಹೊರಡುವಷ್ಟರಲ್ಲಿ ಪಿಕ್ಚರ್ ಮುಗಿಯುತ್ತದೆ," ಎಂದು ಅಂಗಳದಲ್ಲಿ ನಿಂತ.

ಸಿನೆಮಾದಲ್ಲಿ ವಾರಿಜಾ ಟೈಪಿಸ್ಟ್ ಆಗಿರಲಿಲ್ಲ. ಬಟ್ಟೆಗಳ ಡಿಸೈನ್ ಮಾಡುವವಳು, ಸೂಜಿ ಮಾತ್ರ ಒಮ್ಮೆಯೂ ಹಿಡಿಯಲಿಲ್ಲ. ಮುಕುಂದನ ಅಡುಗೆಮನೆ ಸಿದ್ಧಕಟ್ಟೆಯ ಸಭಾಭವನದಷ್ಟು ದೊಡ್ಡದು. ಅಲ್ಲಿ ಒಂದು ಮಸಿಬಟ್ಟೆ ಇಲ್ಲ, ಸಿಂಕಿನಲ್ಲಿ ಒಂದು ಚಮಚ ಇಲ್ಲ. ಅವರು ಕಾಫಿ ಕುಡಿದರು, ಹಣ್ಣು ತಿಂದರು, ಮೇಜಿನ ತುಂಬ ಇದ್ದ ತಿಂಡಿ ಬಿಟ್ಟು ಕಣ್ಣೀರು ಹಾಕಿಕೊಂಡು ಎದ್ದು ಹೋದರು. ಅದನ್ನೆಲ್ಲ ಯಾರು ಮಾಡಿದರು, ಯಾರು ತೆಗೆದರು? ಮೂವರು ದೊಡ್ಡ ಸ್ಟಾರುಗಳು ಅತಿಥಿಗಳಾಗಿ ಬಂದು ಕುಣಿದು ಹೋದರು. ಅವರಾದರೂ ತೆಗೆದಾರೋ ಎಂದು ನೀಲಾವತಿ ನೋಡಿದಳು. ಇಲ್ಲ.

ವಾರಿಜಾಗೆ ಜ್ವರ ಬಂದಾಗ ನೀಲಾವತಿ ಮುಂದಕ್ಕೆ ಬಾಗಿ ಕೂತು, ಗಂಡನ ಮೊಣಕೈ ಮುಟ್ಟಿದಳು. "ಈಗ ನೋಡಿ."

ಮುಕುಂದ ಅವಳನ್ನು ಎತ್ತಿಕೊಂಡ. ಹಿಮ ಬೀಳುವ ಯಾವುದೋ ದೇಶಕ್ಕೆ ಕರೆದೊಯ್ದು ಹಾಡಿದ. ಜ್ವರ ಬಂದವಳು ತೋಳಿಲ್ಲದ ರವಕೆಯಲ್ಲಿ ಹಿಮದ ಮೇಲೆ ಓಡಿದಳು. ಹಾಡು ಮುಗಿದಾಗ ಜ್ವರವೂ ಬಿಟ್ಟಿತ್ತು.

ಹೊರಗೆ ಬರುವಾಗ ಸಂಕಪ್ಪ ಬೈರಾಸಿನಿಂದ ಕಣ್ಣು ಒರಸಿಕೊಳ್ಳುತ್ತಿದ್ದ. "ಎಂಥ ಪ್ರೀತಿ ಮಾರಾಯ್ತಿ! ಪ್ರೀತಿ ಅಂದರೆ ಹಾಗಿರಬೇಕು."

ಮನೆಯಲ್ಲಿ ಅವನು ಸಾರು ಹಾಕಿಸಿಕೊಂಡು ಉಂಡ, ಬಟ್ಟಲಿಗೆ ನೀರು ಸುರಿದ, ಎದ್ದ.

ಬೆಳಿಗ್ಗೆ ಅವಳು ಸೀದಾ ಅವ್ವಮ್ಮನ ಮನೆಗೆ ಹೋದಳು. ಅವ್ವಮ್ಮನಿಗೆ ಈಗ ಕಣ್ಣು ಮಂಜು. ಮೊಮ್ಮಗಳು ಫಿದಾ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು.

"ಮುಖ್ಯ ಸೀನೇ ತೆಗೆದಿದ್ದಾರೆ ಅವ್ವಮ್ಮ! ಆ ಬಟ್ಟಲು ತೊಳೆಯುವುದು. ಅಷ್ಟು ಚಂದದ ಕಾದಂಬರಿ ಹಾಳು ಮಾಡಿದರು."

"ಯಾವ ಬಟ್ಟಲು?"

ನೀಲಾವತಿ ಗಂಜಿಯಿಂದ ಹಿಡಿದು ಎಲ್ಲ ಹೇಳಿದಳು. ಅವ್ವಮ್ಮ ಹೊಟ್ಟೆ ಕುಲುಕಿಸಿ ನಗತೊಡಗಿದಳು.

"ಯಾ ಅಲ್ಲಾ! ಅದು ಪುಸ್ತಕದಲ್ಲಿ ಎಲ್ಲಿತ್ತು ಮಾರಾಯ್ತಿ? ಅದು ನಾನು ಹಾಕಿದ್ದು."

"ನೀವು?"

"ಆ ವಾರ ಎರಡು ಪುಟ ಕೂಡ ಇರಲಿಲ್ಲ. ಪಾರ್ಕಿನಲ್ಲಿ ಕೂತು ಕಣ್ಣು ಕಣ್ಣು ನೋಡುವುದು, ಅಷ್ಟೇ. ನೀವೆಲ್ಲ ಆಕಳಿಸ್ತಾ ಇದ್ರಿ. ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಯಾರು ಬೀಡಿ ಕೊಡ್ತಾರೆ? ನನಗೂ ಅವತ್ತು ಜ್ವರ, ಒಳಗೆ ರಾಶಿ ಪಾತ್ರೆ ಬಿದ್ದಿತ್ತು. ಬಾಯಿಗೆ ಬಂದದ್ದು ಓದಿದೆ. ನಿನಗೆ ಡೌಟೂ ಬರಲಿಲ್ಲವಾ? ಮೈಸೂರಿನ ಭಟ್ಟರ ಹುಡುಗನಿಗೆ ಸಿಗಡಿ ಚಟ್ನಿ ಎಲ್ಲಿಂದ ಬರಬೇಕು?"

"ನಿಮ್ಮ ಮನೆಯವರು ತೊಳೆದದ್ದುಂಟಾ?"

"ಅವರಾ! ಸತ್ತವರ ಮೇಲೆ ಸುಳ್ಳು ಹೇಳಬಾರದು," ಎಂದಳು ಅವ್ವಮ್ಮ.

ನೀಲಾವತಿಗೆ ಮೊದಲು ಸಿಟ್ಟು ಬಂತು. ಮೂರೂವರೆ ದಶಕ ತಾನು ಗಂಡನನ್ನು ಅಳೆದು ನೋಡಿದ್ದು ಜ್ವರ ಬಂದ ನೆರೆಯವಳೊಬ್ಬಳು ಕಟ್ಟಿದ ಮನುಷ್ಯನೊಂದಿಗೆ. ಕಾದಂಬರಿ ಬರೆದವರಿಗೂ ಗೊತ್ತಿಲ್ಲದ, ಸಿನೆಮಾದವರಿಗೂ ಬೇಡವಾದ ಮನುಷ್ಯ. ಅಂಗಳ ದಾಟುವಷ್ಟರಲ್ಲಿ ಸಿಟ್ಟು ಇಳಿದು, ಬೇರೆ ಏನೋ ಹೊಳೆಯಿತು. ಬಾಯಿಮಾತಿನಲ್ಲೇ ಇಷ್ಟು ಸುಲಭದಲ್ಲಿ ಕಟ್ಟಬಹುದಾದ ಗಂಡಸಿಗಾಗಿ ತಾನು ಇಷ್ಟು ಕಾಲ ಕಾದದ್ದು ಯಾಕೆ?

ಆ ರಾತ್ರಿ ಊಟಕ್ಕೆ ಕೂತಾಗ ಸಂಕಪ್ಪ ಮತ್ತೆ ಸಿನೆಮಾ ಹೊಗಳಿದ.

"ಮುಖ್ಯ ಸೀನು ಕಟ್ ಮಾಡಿದ್ದಾರೆ," ಎಂದಳು ನೀಲಾವತಿ.

"ಕಟ್? ಪೂರ್ತಿ ಟಿಕೇಟಿಗೆ ಹಣ ತಗೊಂಡು? ಎಂತ ಸೀನು?"

ಅವಳು ಹೇಳಿದಳು. ಅನ್ನ ಕಲಸುತ್ತಿದ್ದ ಅಕ್ಷಿತಾ ತಲೆ ಎತ್ತದೆ ಕಿವಿಗೊಟ್ಟಳು.

"ಪುಸ್ತಕದಲ್ಲಿ ಹಾಗೆ ಉಂಟಾ?" ಎಂದ ಸಂಕಪ್ಪ.

"ಉಂಟು," ಎಂದಳು ನೀಲಾವತಿ, ಕಣ್ಣು ಮಿಟುಕಿಸದೆ. "ಅಚ್ಚಾಗಿ ಬಂದಿದೆ."

ಸಂಕಪ್ಪ ಯೋಚಿಸಿದ. "ಬ್ಯಾಂಕ್ ಆಫೀಸರಿಗೆ ತೊಳೆದು ಎಂತ ಗೊತ್ತು? ಸುಮ್ಮನೆ ನೀರು ಚೆಲ್ಲಿರಬೇಕು." ಎದ್ದು ತನ್ನ ಬಟ್ಟಲು ಎತ್ತಿಕೊಂಡ. ಒಳಗೆ ನಲ್ಲಿಯ ಸದ್ದಾಯಿತು. ಅಕ್ಷಿತಾ ಅತ್ತೆಯ ಮುಖ ನೋಡಿದಳು. ಅತ್ತೆ ಸಾರಿನ ಪಾತ್ರೆ ನೋಡುತ್ತಿದ್ದಳು.

ಮಾರನೆಯ ದಿನ ಅಕ್ಷಿತಾ ಬಸ್ಸಿಳಿದು ಬರುವಾಗ ಅಂಗಡಿಯ ರುಕ್ಮಯ್ಯ ಕರೆದು ಕೇಳಿದ್ದನಂತೆ, "ನಿಮ್ಮಲ್ಲಿ ಈಗ ಪಾತ್ರೆ ಎಲ್ಲ ಮಾವನೇ ಅಂತೆ? ಪುಣ್ಯ ಬೇಕು ಮಾರಾಯ್ತಿ, ಅಂಥ ಮಾವ ಸಿಗಲಿಕ್ಕೆ!" ಸಂಕಪ್ಪನ ಬಾಯಿಂದ ಒಂದು ಬಟ್ಟಲು ಅಷ್ಟು ದೂರ ಹೋಗಿತ್ತು. ಗಂಜಿಯ ಪಾತ್ರೆ, ಬಾಣಲೆ, ಕುಕ್ಕರು, ಉಳಿದ ಬಟ್ಟಲುಗಳು ಮನೆಯಲ್ಲೇ ಇದ್ದವು.

ಊಟವಾದ ಮೇಲೆ ಸಂಕಪ್ಪ ತನ್ನದನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಕವುಚಿ ಇಟ್ಟ. ಯಾರಾದರೂ ಏನಾದರೂ ಹೇಳುತ್ತಾರೋ ಎಂಬಂತೆ ನಿಂತ.

"ಮತ್ತೆ ಆ ಮುಕುಂದ ಎಂತ ಮಾಡಿದ?" ಎಂದು ಅವನೇ ಕೇಳಿದ.

ನೀಲಾವತಿ ತಳ ಹಿಡಿದ ಗಂಜಿ ಪಾತ್ರೆಯನ್ನು ಎಡಗೈಯಿಂದ ಸಿಂಕಿನ ಹತ್ತಿರಕ್ಕೆ ದೂಡಿದಳು. "ಹೆಂಡತಿಯ ಕೈ ನೋವು ಅಲ್ವಾ? ಗಂಜಿ ಪಾತ್ರೆಯನ್ನೂ ಅವನೇ ತಿಕ್ಕಿದ."

"ಅದೂ ಪುಸ್ತಕದಲ್ಲಿ ಉಂಟಾ?" ಸಂಕಪ್ಪನ ದನಿಯಲ್ಲಿ ಸಂಶಯವಿತ್ತು. "ಆ ಪುಸ್ತಕ ಒಮ್ಮೆ ತಾ. ನಾನೇ ಓದ್ತೇನೆ."

"ಅವ್ವಮ್ಮನ ಹತ್ತಿರ ಉಂಟು. ಆದರೆ ಅದು ಸುಮ್ಮನೆ ಓದಿದರೆ ಸಿಕ್ಕುವ ಪುಸ್ತಕ ಅಲ್ಲ, ಅವರೇ ಓದಿ ಹೇಳಬೇಕು."

ಅವನು ಪಾತ್ರೆ ನೋಡಿದ, ಅವಳ ಮಣಿಕಟ್ಟು ನೋಡಿದ. ಅಕ್ಷಿತಾ ತಿಕ್ಕುವ ಬ್ರಶ್ಶನ್ನು ಮಾವನ ಕೈಗೆ ಎಟಕುವಲ್ಲಿ ಇಟ್ಟು, ಟಿವಿ ನೋಡಲು ಹೊರಗೆ ಹೋದಳು. ನೀಲಾವತಿಯೂ ಅವಳ ಹಿಂದೆಯೇ ನಡೆದಳು, ತಿರುಗಿ ನೋಡಲಿಲ್ಲ.