ಬಿಟ್ಟುಹೋದ ಬಂಡೆ

ನಾನು ಕೆಲಸದಿಂದ ನಿವೃತ್ತನಾದಾಗ ಫ್ಯಾಕ್ಟರಿಯ ಮಾಲೀಕರು ನನಗೂ ನನ್ನ ಹೆಂಡತಿಗೂ ಒಂದು ಪ್ರವಾಸಿ ರೈಲಿನ ಟಿಕೆಟು ಮಾಡಿಸಿಕೊಟ್ಟರು. ಏಳು ದಿನ ರೈಲಿನಲ್ಲೇ ಊಟ, ರೈಲಿನಲ್ಲೇ ನಿದ್ದೆ. ಬೆಳಿಗ್ಗೆ ಒಂದೂರಲ್ಲಿ ಇಳಿಸಿ, ತಿರುಗಾಡಲು ಬಿಟ್ಟು, ಸಂಜೆ ಮತ್ತೆ ಹತ್ತಿಸಿಕೊಂಡು ಹೊರಡುವ ರೈಲು. ಇದು ನೆಲದ ಮೇಲಿನ ಹಡಗು ಎಂದು ಪಕ್ಕದ ಬೋಗಿಯ ಹಿರಿಯರೊಬ್ಬರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಮೈಸೂರು, ಹಳೇಬೀಡು, ಹಂಪಿ ಎಲ್ಲ ನೋಡಿಯಾಯಿತು. ಐದನೆಯ ದಿನ ಬೆಳಿಗ್ಗೆ ಕಣ್ಣುಬಿಟ್ಟು ಕಿಟಕಿಯಲ್ಲಿ ನೋಡಿದರೆ ಬಾದಾಮಿ ಸ್ಟೇಶನ್ನು.

ನಾವು ಇಳಕಲ್ಲಿನವರು. ಹುನಗುಂದ, ಅಮೀನಗಡ ಹಾಯ್ದು ಬಂದರೆ ಬಾದಾಮಿ ಎರಡು ತಾಸಿನ ದಾರಿ. ವರ್ಷಕ್ಕೊಮ್ಮೆ ಬನಶಂಕರಿಗೆ ಬಂದು ಹೋಗುವವರು. ಹೆಂಡತಿ ಪ್ಲಾಟ್‌ಫಾರ್ಮಿನ ಮೇಲೆ ಇಳಿದು ಸುತ್ತ ನೋಡಿ, "ನಾಕು ದಿನಾ ಊರೂರು ಸುತ್ತಿ ನಮ್ಮ ಮನಿ ಬಾಗಿಲಿಗೇ ಬಂದ್ವಲ್ರಿ" ಎಂದು ನಕ್ಕಳು.

ಉಳಿದವರೆಲ್ಲ ಬಸ್ಸು ಹತ್ತಿ ಮೇಣಬಸದಿ ನೋಡಲು ಹೊರಟರು. ನಾವಿಬ್ಬರೂ ಆ ಗುಹೆಗಳನ್ನು ಸಾಲಿಯ ಪ್ರವಾಸದಿಂದ ಹಿಡಿದು ನೆಂಟರ ಮಕ್ಕಳ ಮದುವೆಗೆ ಬಂದಾಗಿನವರೆಗೆ ಎಷ್ಟೋ ಸಲ ನೋಡಿದವರು. ಹಾಗಾಗಿ ಬಸ್ಸಿಗೆ ಹೋಗದೆ ಸ್ಟೇಶನ್ನಿನ ಹೊರಗೆ ನಿಂತಿದ್ದ ಗೈಡ್ ಒಬ್ಬರನ್ನು ನಮ್ಮಿಬ್ಬರಿಗಾಗಿಯೇ ಗೊತ್ತುಮಾಡಿಕೊಂಡೆವು. ಐವತ್ತರ ಆಸುಪಾಸಿನವರು, ಚೊಳಚಗುಡ್ಡದವರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸ್ವಂತ ಕಾರಿನ ಕೀಲಿ. ಆ ರೈಲಿನಿಂದ ಇಳಿದವರು ಎಂದು ಇಂಗ್ಲಿಷಿನಲ್ಲಿ ಶುರುಮಾಡಿದವರು ನಮ್ಮ ಮಾತು ಕಿವಿಗೆ ಬಿದ್ದೊಡನೆ ಹಗುರಾದರು. ಕಾರು ಹೊರಟ ಮೇಲೆ, ಏನು ಕೆಲಸ ಮಾಡಿಕೊಂಡಿದ್ದೆ ಎಂದು ಕೇಳಿದರು.

ಇಳಕಲ್ಲ ಎಂದರೆ ಎಲ್ಲರಿಗೂ ಸೀರೆ ನೆನಪಾಗುತ್ತದೆ. ಸೀರೆ ನನ್ನ ಹೆಂಡತಿಯ ತವರಿನದು. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಬೆಳೆದವಳು. ನನ್ನದು ಊರಿನ ಇನ್ನೊಂದು ದಂಧೆ, ಕೆಂಪು ಗ್ರ್ಯಾನೈಟು. ನಮ್ಮಪ್ಪ ಕ್ವಾರಿಯಲ್ಲಿ ಚಾಣ ಸುತ್ತಿಗೆ ಹಿಡಿದು ಕಲ್ಲು ಒಡೆದವರು. ನಾನು ನಾಲ್ಕಕ್ಷರ ಕಲಿತದ್ದಕ್ಕೆ ಫ್ಯಾಕ್ಟರಿಯ ಅಂಗಳದಲ್ಲಿ ಕಲ್ಲು ಪಾಸು ಮಾಡುವವನಾದೆ. ಕ್ವಾರಿಯಿಂದ ಬಂದ ಒಂದೊಂದು ಬಂಡೆಯನ್ನೂ ಸುತ್ತು ಹಾಕಿ ನೋಡುವುದು, ಬಡಿದು ಕಿವಿಗೊಡುವುದು, ನೀರು ಹೊಯ್ದು ಪರೀಕ್ಷೆ ಮಾಡುವುದು, ಒಳಗೆ ಬಿರುಕು ಇದ್ದರೆ ಕೆಂಪು ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಹಾಕುವುದು. ಮೂವತ್ತನಾಲ್ಕು ವರ್ಷ ಮಾಡಿದ್ದು ಇಷ್ಟೇ. ಯಾರಾದರೂ ಕೇಳಿದರೆ "ಕಲ್ಲಿನ ಫ್ಯಾಕ್ಟರಿ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಅವತ್ತೂ ಹಾಗೇ ಹೇಳಿದೆ.

ಗೈಡ್ ಮಾತು ಬದಲಿಸಲು ಬಿಡಲಿಲ್ಲ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಸರ, ನಿಮಗ ಪಟ್ಟದಕಲ್ಲ ಗುಡಿ ಆಮೇಲೆ ತೋರಸ್ತೇನಿ. ಮೊದಲ ಆ ಗುಡಿ ಹುಟ್ಟಿದ ಜಾಗಾ ನೋಡ್ರಿ. ಅಲ್ಲಿಗೆ ಬರವ್ರು ಭಾಳ ಕಡಿಮಿ."

ಬನಶಂಕರಿಯಲ್ಲಿ ದೇವಿಗೆ ಕೈಮುಗಿದು, ಹೊಂಡದ ಕಟ್ಟೆಯ ಮೇಲೆ ಕುಳಿತು ಬುಟ್ಟಿಯ ಹೆಂಗಸರ ಹತ್ತಿರ ಕಡಕ್ ರೊಟ್ಟಿ, ಜುಣಕಾ, ಗಡಿಗೆಯ ಮೊಸರು ತಿಂದೆವು. ರೈಲಿನ ಊಟಕ್ಕಿಂತ ಇದು ಎಷ್ಟೋ ಪಾಲು ಮೇಲೆಂದು ಹೆಂಡತಿ ಬುಟ್ಟಿಯವಳಿಗೆ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಅಲ್ಲಿಂದ ಪಟ್ಟದಕಲ್ಲಿನ ದಾರಿ ಹಿಡಿದು, ಪಟ್ಟದಕಲ್ಲನ್ನೂ ದಾಟಿ ಉತ್ತರಕ್ಕೆ ನಾಲ್ಕೈದು ಕಿಲೋಮೀಟರು ಹೋದೆವು. ಡಾಂಬರು ಮುಗಿದು ಕೆಂಪು ಮಣ್ಣಿನ ದಾರಿ ಬಂತು, ಅದೂ ಮುಗಿದು ಜಾಲಿಕಂಟಿಗಳ ನಡುವೆ ಕಾಲುದಾರಿ. ಕಾರು ಬಿಟ್ಟು ನಡೆದೆವು. ಬೋರ್ಡು ಇಲ್ಲ, ಟಿಕೆಟು ಇಲ್ಲ, ಆಡು ಕಾಯುವವನೂ ಇಲ್ಲ. ಒಂದು ಸಾಧಾರಣ ಗುಡ್ಡ.

ಏರಿ ನಿಂತಮೇಲೆ ಅದು ಗುಡ್ಡವಲ್ಲ ಎಂದು ತಿಳಿಯಿತು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಕ್ವಾರಿ. ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ತೆಗೆದ ಗುಂಡಿಗಳು, ಮೂಲೆಗಳು ಗುಂಡಾಗದೆ ನೆಟ್ಟಗೆ ಉಳಿದಿದ್ದವು. ಬಂಡೆ ಜಾರಿಸಿ ಇಳಿಸಲು ಒಂದು ಕಡೆ ನುಣ್ಣಗೆ ಮಾಡಿದ ಇಳುಕಲು. ನಮ್ಮಪ್ಪ ಬೆಳಿಗ್ಗೆ ಎಂಟಕ್ಕೆ ಹೋಗಿ ನಿಲ್ಲುತ್ತಿದ್ದಂಥದೇ ಜಾಗ. ಕ್ರೇನು, ಲಾರಿ, ಧೂಳು ಇರಲಿಲ್ಲ, ಅಷ್ಟೇ. ಎದುರಿನ ಬಯಲಲ್ಲಿ ಮಲಪ್ರಭೆಯ ದಂಡೆಯ ಹಸಿರು ಸಣ್ಣಗೆ ಕಾಣುತ್ತಿತ್ತು. ಸಾವಿರದ ಮುನ್ನೂರು ವರ್ಷದ ಹಿಂದೆ ಪಟ್ಟದಕಲ್ಲಿನ ಗುಡಿಗಳಿಗೆ ಕಲ್ಲು ಹೋದದ್ದು ಇಲ್ಲಿಂದ ಎಂದು ಗೈಡ್ ಹೇಳಿದರು. ನಾನು ಚಪ್ಪಲಿ ಬಿಚ್ಚಿದೆ. ಯಾಕೆ ಬಿಚ್ಚಿದೆನೋ ಆಗ ಯೋಚಿಸಲಿಲ್ಲ. ಕಾದ ಕಲ್ಲು ಅಂಗಾಲು ಸುಟ್ಟಮೇಲೆ ಮತ್ತೆ ಹಾಕಿಕೊಂಡೆ.

ಗೈಡ್ ಒಂದು ಬಂಡೆಯ ಮೇಲ್ಮೈಯಲ್ಲಿ ಕೊರೆದ ಹಳೆಯ ಅಕ್ಷರಗಳನ್ನು ತೋರಿಸಿದರು. ಅವರಿಗೆ ಆ ಲಿಪಿ ಓದಲು ಬರುತ್ತಿತ್ತು. ಬೆರಳನ್ನು ಅಕ್ಷರಕ್ಕೆ ತಾಗಿಸದೆ ಗಾಳಿಯಲ್ಲೇ ಆಡಿಸುತ್ತ ಮೂರಕ್ಷರದ ಒಂದು ಹೆಸರು ಓದಿದರು. ರಾಜನದಲ್ಲ, ದೇವರದಲ್ಲ, ಕೆಲಸದವನದು. ಮಧ್ಯಾಹ್ನದ ಬಿಡುವಿನಲ್ಲಿ ಕುಳಿತು ಬರೆದುಕೊಂಡಂತಿತ್ತು. ಹೆಂಡತಿ ಆ ಹೆಸರನ್ನು ಬಾಯಲ್ಲಿ ಎರಡು ಸಲ ಹೇಳಿ ನೋಡಿದಳು.

ಆಮೇಲೆ ಅವಳೇ ಒಂದು ಚಿತ್ರ ಕಂಡುಹಿಡಿದಳು. ಸೀರೆಯಲ್ಲಿ ಎಲ್ಲಿ ಎಳೆ ತಪ್ಪಿದೆ ಎಂದು ದೂರದಿಂದಲೇ ಹೇಳುವ ಕಣ್ಣು ಅವಳದು. ಓರೆಯಾಗಿ ಬಿದ್ದ ಬಿಸಿಲಲ್ಲಿ ಬಂಡೆಯ ಮೈಮೇಲೆ ಒಂದು ಗೆರೆ ಹೊರಟು ಬಾಗಿ ಮತ್ತೆ ಕೂಡಿದ್ದನ್ನು ತೋರಿಸಿ, ಇದು ಹೊಟ್ಟೆ, ಇದು ಸೊಂಡಿಲು ಎಂದಳು. ಮೊದಲು ನನಗೆ ಏನೂ ಕಾಣಲಿಲ್ಲ. ಅವಳು ನಿಂತಲ್ಲೇ ನಿಂತು ನೋಡಿದಾಗ ಕುಳಿತ ಗಣಪತಿ ಮೂಡಿಬಂದ. ಒಂದೇ ಗೆರೆಯಲ್ಲಿ ಬರೆದದ್ದು, ಕಲ್ಲು ಕೆತ್ತುವ ಮೊದಲು ಕೈ ಪಳಗಿಸಿಕೊಂಡದ್ದಿರಬೇಕು. ಗೈಡ್‌ಗೆ ಅದು ಗೊತ್ತಿತ್ತು. ತಾವಾಗಿ ಹೇಳುವ ಮೊದಲೇ ಕಂಡುಹಿಡಿದವರು ಇವರೊಬ್ಬರೇ ಎಂದು ಹೇಳಿದರು.

ಕೊನೆಗೆ ಅವರು ನಮ್ಮನ್ನು ಗುಡ್ಡದ ಆಚೆ ಮಗ್ಗುಲಿಗೆ ಕರೆದುಕೊಂಡು ಹೋಗಿ ಒಂದು ಬಂಡೆಯ ಮುಂದೆ ನಿಲ್ಲಿಸಿದರು. ಅದರ ಮೇಲೆ ಸಾಲಾಗಿ, ಕಲ್ಲು ಸೀಳಲು ಬೆಣೆ ಹೊಡೆಯುವ ಚೌಕ ಗುಂಡಿಗಳು, ಬೆರಳುದ್ದ ಆಳ. ಆರು ಗುಂಡಿ ತೋಡಿ ಮುಗಿದಿತ್ತು. ಏಳನೆಯದರ ಜಾಗದಲ್ಲಿ ಬರೀ ಗೀರು. ಗೀರು ಮುಂದಕ್ಕೆ ನೆಟ್ಟಗೆ ಹೋಗಿತ್ತು, ಆದರೆ ಗುಂಡಿಗಳಿರಲಿಲ್ಲ. ಯುದ್ಧ ಬಂತು, ಕೆಲಸದವರು ಇದ್ದಲ್ಲೇ ಕೈಬಿಟ್ಟು ಓಡಿದರು ಎಂದು ಗೈಡ್ ಹೇಳಿದರು. ಹೇಳುವಾಗ ಅವರ ದನಿ ತಗ್ಗಿತು. ಬಂದವರಿಗೆಲ್ಲ ಹಾಗೇ ಹೇಳಿ ರೂಢಿಯಾಗಿದ್ದ ಮಾತು.

ನನಗೆ ಮಾತ್ರ ಯುದ್ಧ ಕಾಣಲಿಲ್ಲ. ಆ ಬಂಡೆ ನೋಡಿದೊಡನೆ ಮೈಯೊಳಗೆ ಹಳೆಯ ರೂಢಿ ಎದ್ದಿತು. ಸುತ್ತು ಹಾಕಿದೆ. ಸಣ್ಣ ಕಲ್ಲೊಂದನ್ನು ಎತ್ತಿಕೊಂಡು, ಗೈಡ್ ಅವರನ್ನು ಕೇಳಿ ಒಪ್ಪಿಗೆ ಪಡೆದು, ಮೆಲ್ಲಗೆ ಎರಡು ಕಡೆ ತಟ್ಟಿದೆ. ಒಂದು ಕಡೆ ಗಟ್ಟಿ ಸದ್ದು; ಆರನೆಯ ಗುಂಡಿಯ ಆಚೆ ಸದ್ದು ಮಂಕು. ಹೆಂಡತಿಯ ಚೀಲದಿಂದ ನೀರಿನ ಬಾಟಲಿ ತೆಗೆದು ಬಂಡೆಯ ಮೇಲೆ ಹೊಯ್ದೆ.

"ಏನ್ ಮಾಡ್ತೀರಿ ಸರ?" ಎಂದರು ಗೈಡ್.

"ಸ್ವಲ್ಪ ತಡೀರಿ. ಒಣಗಲಿ."

ಮೂವರೂ ಬಗ್ಗಿ ನೋಡುತ್ತ ನಿಂತೆವು. ಬಿಸಿಲಿಗೆ ನೀರು ಬೇಗ ಆರುತ್ತ ಬಂತು. ಅಂಚಿನಿಂದ ಒಳಗೊಳಗೆ ಕಲ್ಲು ಮತ್ತೆ ತನ್ನ ಕಂದು ಬಣ್ಣಕ್ಕೆ ತಿರುಗಿತು. ಎಲ್ಲ ಒಣಗಿದ ಮೇಲೂ ಒಂದೇ ಒಂದು ಗೆರೆ ಕಪ್ಪಗೆ ಹಸಿಯಾಗಿ ಉಳಿಯಿತು, ಕೂದಲೆಳೆಯಷ್ಟು ಸಣ್ಣದು. ಆರನೆಯ ಗುಂಡಿಗೂ ಏಳನೆಯ ಗೀರಿಗೂ ನಡುವೆ ಹಾಯ್ದು ಬಂಡೆಯ ಆ ತುದಿಯವರೆಗೆ ಹೋಗಿತ್ತು. ಬಿರುಕಿನೊಳಗೆ ಇಳಿದ ನೀರು ತಡವಾಗಿ ಆರುತ್ತದೆ. ಫ್ಯಾಕ್ಟರಿಯಲ್ಲಿ ನಾನು ದಿನವೂ ನೋಡುತ್ತಿದ್ದ ಗೆರೆ ಅದು.

ಬಿರುಕು ಆಮೇಲೆ ಬಿದ್ದದ್ದಿರಬಹುದಲ್ಲವೇ ಎಂದು ಗೈಡ್ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಮೊಳದ ಆಚೆಗೇ ಇತ್ತು. ಬಿರುಕಿನ ಇನ್ನೊಂದು ಮಗ್ಗುಲಲ್ಲಿ, ಅದಕ್ಕೆ ತಾಗದಷ್ಟು ದೂರ ಬಿಟ್ಟು, ಹೊಸದಾಗಿ ಗುಂಡಿಗಳ ಸಾಲು ತೋಡಿದ್ದರು. ಆ ಗುಂಡಿಗಳು ಈಗ ಅರ್ಧರ್ಧ ಉಳಿದಿದ್ದವು, ಏಕೆಂದರೆ ಅಲ್ಲಿಂದ ಬಂಡೆ ಎದ್ದುಹೋಗಿತ್ತು. ಅದು ಇದ್ದ ಜಾಗ ಖಾಲಿ ತೊಟ್ಟಿಯ ಹಾಗಿತ್ತು. ಅಂದರೆ ಯಾರೋ ಒಬ್ಬ ಇಲ್ಲಿ ನಿಂತು ನೋಡಿದ್ದಾನೆ. ಈ ಕಲ್ಲು ಬೇಡ, ಸರಿದು ಹೊಡೀರಿ ಎಂದು ಹೇಳಿದ್ದಾನೆ. ಅವರು ಸರಿದು ಹೊಡೆದಿದ್ದಾರೆ. ಯಾರೂ ಓಡಿಹೋಗಿರಲಿಲ್ಲ.

ನಾನು ಅಲ್ಲಿಯೇ ಕುಳಿತುಬಿಟ್ಟೆ. ನನ್ನ ಜಾಗದಲ್ಲಿ ನಿಂತಿದ್ದ ಒಬ್ಬ ಮನುಷ್ಯ, ನಾನು ನೋಡುವುದನ್ನೇ ನೋಡಿ, ನಾನು ಹೇಳುವುದನ್ನೇ ಹೇಳಿದ್ದ. ಅವನಿಗೂ ನನಗೂ ನಡುವೆ ಎಷ್ಟು ರಾಜರು ಬಂದುಹೋದರೋ ನನಗೆ ಗೊತ್ತಿಲ್ಲ. ನಾನಾಗಿದ್ದರೂ ಈ ಬಂಡೆಯನ್ನು ಬಿಡುತ್ತಿದ್ದೆ ಎಂಬುದಷ್ಟು ಗೊತ್ತಿತ್ತು. ಕಣ್ಣು ತುಂಬಿತು. ಹೆಂಡತಿ ಪಕ್ಕದಲ್ಲಿ ಕುಳಿತು ಸೆರಗನ್ನು ನನ್ನ ತಲೆಗೂ ನೆರಳಾಗುವಂತೆ ಹಿಡಿದಳು.

ಗೈಡ್ ಬಹಳ ಹೊತ್ತು ಆ ಹಸಿ ಗೆರೆ ಮಾಯವಾಗುವುದನ್ನೇ ನೋಡುತ್ತಿದ್ದರು.

"ಇಪ್ಪತ್ತು ವರ್ಷ ಆತ್ರಿ ಯುದ್ಧಾ ಯುದ್ಧಾ ಅಂತ ಹೇಳಿಕೋತ ಬಂದೇನಿ," ಎಂದರು. "ಇಷ್ಟ ಶಾಣ್ಯಾ ಮನಷ್ಯಾನ್ನ ಅಂಜಬುರುಕನ್ನ ಮಾಡಿಟ್ಟಿದ್ದೆ."

ಪಟ್ಟದಕಲ್ಲಿಗೆ ಮರಳಿದಾಗ ನಾಲ್ಕು ಗಂಟೆ. ರೈಲು ಆರೂವರೆಗೆ ಹೊರಡುವುದಿತ್ತು. ಅಲ್ಲಿಯ ದೊಡ್ಡ ಗುಡಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನಂದಿಗೆ ಸುತ್ತು ಬಂದಿದ್ದೆ, ಕಂಬಗಳ ಮೇಲೆ ಕೆತ್ತಿದ ರಾಮಾಯಣ ನೋಡಿದ್ದೆ, ಹೊರಗೆ ಹುಲ್ಲಿನ ಮೇಲೆ ಬುತ್ತಿ ಉಂಡಿದ್ದೆ. ಅವತ್ತು ಮೊದಲ ಸಲ ಗೋಡೆಯನ್ನು ನೋಡಿದೆ. ಮೂರ್ತಿಗಳನ್ನಲ್ಲ, ಮೂರ್ತಿಗಳ ನಡುವಿನ ಬರೀ ಗೋಡೆಯನ್ನು. ಒಂದು ಕಲ್ಲು, ಅದರ ಪಕ್ಕ ಒಂದು ಕಲ್ಲು, ಅವುಗಳ ಮೇಲೊಂದು. ಗಾರೆ ಇಲ್ಲ, ಸುಣ್ಣ ಇಲ್ಲ. ಸಂದಿನಲ್ಲಿ ಉಗುರು ತೂರುವುದಿಲ್ಲ. ಒಂದೊಂದನ್ನೂ ಯಾರೋ ಸುತ್ತು ಹಾಕಿ, ತಟ್ಟಿ, ಇದು ನಡೆಯುತ್ತದೆ ಎಂದು ಕಳಿಸಿದ್ದಾರೆ. ಎಷ್ಟು ಕಲ್ಲು ಎಂದು ನೋಡುತ್ತ ಕತ್ತೆತ್ತಿದೆ. ಶಿಖರದವರೆಗೂ ಕಣ್ಣು ಹೋಯಿತು, ತಲೆ ತಿರುಗಿದ ಹಾಗಾಗಿ ಗೋಡೆ ಹಿಡಿದುಕೊಂಡೆ. ಇಡೀ ದಿನದ ಬಿಸಿಲು ಅದರೊಳಗೆ ಕೂತಿತ್ತು. ದೇವರ ಮನೆಯ ಮುಂದೆ ನಿಂತು ಕಲ್ಲಿಗೆ ಕೈಮುಗಿಯುವುದೆಂದರೆ ಏನೆಂದು ಅರವತ್ತು ವರ್ಷಕ್ಕೆ ತಿಳಿಯಿತು.

ಒಳಗೆ ಹೆಂಡತಿ ಜಾಲಂಧ್ರದ ಮುಂದೆ ನಿಂತಿದ್ದಳು. ಕಲ್ಲಿನಲ್ಲಿ ಕೊರೆದ ಆ ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಹಾಸಿತ್ತು. ಇಬ್ಬರೂ ಕಂಬಕ್ಕೆ ಒರಗಿ ಕುಳಿತೆವು. ಗೈಡ್ ಬಾಗಿಲಲ್ಲಿ ಕಾಣಿಸಿಕೊಂಡು, ಗಡಿಯಾರ ನೋಡಿ, ಮತ್ತೆ ಹೊರಗೆ ಹೋದರು. ಕೊನೆಗೆ ನಾವೇ ಎದ್ದೆವು. ಸ್ಟೇಶನ್ನು ಮುಟ್ಟಿದಾಗ ರೈಲಿನ ಬಾಗಿಲಲ್ಲಿ ನಮ್ಮ ಬೋಗಿಯ ಸಿಬ್ಬಂದಿ ನಮ್ಮ ದಾರಿಯನ್ನೇ ಕಾಯುತ್ತಿದ್ದರು.

ಪ್ರವಾಸ ಮುಗಿಸಿ ಊರಿಗೆ ಬಂದವನು ಫ್ಯಾಕ್ಟರಿಗೆ ಹೋಗಿ ಎಲ್ಲರಿಗೂ ಹೇಳಿದೆ. ಹೇಳಿದ್ದು ಸಾಲಲಿಲ್ಲ. ಮುಂದಿನ ತಿಂಗಳು ಒಂದು ರವಿವಾರ ಟೆಂಪೋ ಮಾಡಿಕೊಂಡು ಹತ್ತು ಮಂದಿಯನ್ನು ಆ ಗುಡ್ಡಕ್ಕೆ ಕರೆದುಕೊಂಡು ಹೋದೆ. ಚೊಳಚಗುಡ್ಡದ ಗೈಡ್ ತಾನೂ ಬರುತ್ತೇನೆಂದು ಮೊದಲೇ ಬಂದು ನಿಂತಿದ್ದರು. ನಮ್ಮವರಲ್ಲಿ ಎಲ್ಲರಿಗಿಂತ ಹಿರಿಯ, ಇವತ್ತಿಗೂ ಕೈಯಿಂದಲೇ ಚಾಣ ಹೊಡೆಯುವ ಮುದುಕನೊಬ್ಬನಿದ್ದ. ಅವನು ಬಂಡೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಗುಂಡಿಗೆ ಹೆಬ್ಬೆರಳು ಇಳಿಸಿ ಒಳಗಿನ ಗೀರುಗಳನ್ನು ಸವರಿದ. ಆರನೆಯ ಗುಂಡಿಯಿಂದ ಬೆರಳು ತೆಗೆದು ಅವನು ತನ್ನ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ, ಚಾಣ ಒಂದರಲ್ಲಿ ಸುತ್ತಿಗೆ ಇನ್ನೊಂದರಲ್ಲಿ ಹಿಡಿದಂತೆ ಮಾಡಿದ. ಆಮೇಲೆ ಕೈ ಅದಲುಬದಲು ಮಾಡಿ ಇನ್ನೊಮ್ಮೆ ನೋಡಿದ.

"ಇಂವಾ ಎಡಗೈಯಾಂವ ಇದ್ದ," ಎಂದ.

ನಾವು ಒಬ್ಬರಾದ ಮೇಲೊಬ್ಬರು ಬಗ್ಗಿ ಬಲಗೈಯ ಏಟಿಗೆ ತದ್ವಿರುದ್ಧವಾಗಿ ವಾಲಿದ್ದ ಆ ಗೀರುಗಳ ಓರೆಯನ್ನು ಮುಟ್ಟಿ ನೋಡಿದೆವು. ಅವನು ಹೇಳಿದ್ದು ಖರೆ ಇತ್ತು.