ಡಿಶ್ ಕೂರಿಸುವ ರೂಢಿ, ಭೀಮಪ್ಪ ಮಾಮಾನ ಬಲೆ

ತಡೀರಿ! ಹ್ಯಾಮ್ ರೇಡಿಯೋಗೆ ಕನೆಕ್ಟರ್ ಕೊಳ್ಳಲು ಹೊರಟಿದ್ದರೆ ಇದೊಂದನ್ನು ಓದಿಕೊಂಡು ಹೋಗಿ.

ಹೋದ ಮಳೆಗಾಲದ ಮಾತು. ಶಹಾಪುರದಲ್ಲಿ ಮನೆಮನೆಗೆ ಡಿಶ್ ಕೂರಿಸುವುದು ನನ್ನ ಕೆಲಸ. ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ಲೈಸೆನ್ಸ್ ಹೊಸದು, ಕಲಿತದ್ದೆಲ್ಲ ವಿಡಿಯೋ ನೋಡಿ. ಸುರಪುರದ ಕಡೆ ಹೊಳೆದಂಡೆಯಲ್ಲಿ ಮೀನು ಹಿಡಿಯುವ ಸೋದರಮಾವ ಭೀಮಪ್ಪನ ಮಾಳಿಗೆ ಮೇಲೆ ಆಂಟೆನಾ ಕಟ್ಟಿದ್ದೆ. ಎರಡು ದಿನದಿಂದ ಕರೆಂಟೂ ಇಲ್ಲ, ಮೊಬೈಲ್ ಟವರೂ ಇಲ್ಲ; ರೇಡಿಯೋ ಬ್ಯಾಟರಿ ಮೇಲೆ. ಮಾಮಾನ ನಾಲ್ಕು ಬಲೆ ಹೊಳೆಯಲ್ಲಿದ್ದವು. ಮೇಲೆ ನಾರಾಯಣಪುರ ಡ್ಯಾಮಿನ ಗೇಟ್ ಎತ್ತಿದರೆ ನಾಲ್ಕೂ ಹೋದಂತೆಯೇ. ಬೆಳಗ್ಗೆ ಬೈಕಿನಲ್ಲಿ ಅಲ್ಲಿಗೆ ಹೋಗಿ, ಕ್ವಾರ್ಟರ್ಸ್‌ನಲ್ಲಿರುವ ಹ್ಯಾಮ್ ಗೆಳೆಯ ಶರಣುವಿಗೆ ಹೇಳಿ ಬಂದಿದ್ದೆ: ಗೇಟ್ ಯಾವಾಗ ಎತ್ತುತ್ತಾರೆಂದು ವಿಚಾರಿಸಿ, ನಾಲ್ಕು ಗಂಟೆಗೆ 435 ಮೆಗಾಹರ್ಟ್ಸ್‌ನಲ್ಲಿ ಕರಿ.

ನಾಲ್ಕಾಯಿತು. ಬರೀ ಸರಸರ ಸದ್ದು. ನಾಲ್ಕೂ ಹತ್ತು. ಏಣಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ.

“ಏನೋ ಅಳಿಯಾ, ನಿನ್ನ ಡಬ್ಬಿ ಮಾತಾಡ್ತದೋ ಇಲ್ಲೋ?” ಎಂದ ಮಾಮಾ.

“ಹತ್ತ್ ಮಿನಿಟ್ ತಡಿ ಮಾಮಾ.”

“ನಾ ತಡೀತೀನಿ. ಹೊಳಿ ತಡೀತದೇನು?”

ಒಳಗಿಂದ ಮಲ್ಲವ್ವ ಅತ್ತೆ: “ಕರೆಂಟ್ ಇದ್ದಾಗೂ ಇಂವಾ ಕೂಡಿಸಿದ ಡಿಶ್‌ದಾಗ ಧಾರಾವಾಹಿನೇ ಬರವಲ್ದು, ಶರಣ್ಯಾ ಎಲ್ಲಿಂದ ಬರ್ತಾನ!”

ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿದೆ. ಕನೆಕ್ಟರ್ ಮುಟ್ಟಿದರೆ ಸಾಕು, ಮುಳ್ಳು ಕುಣಿಯುತ್ತಿತ್ತು, ಅಂದರೆ ಜೋಡಣೆಯೇ ಸಡಿಲ. ಆಂಟೆನಾದಲ್ಲಿ ಮೇಲಿನ ಫ್ರೀಕ್ವೆನ್ಸಿಗೆಂದೇ ಇರುವ ‘ಎನ್’ ಮಾದರಿಯ ಸಾಕೆಟ್ ಇದ್ದರೂ ನಾನು ಅಡಾಪ್ಟರ್ ಹಾಕಿ ಪಿಎಲ್-259 ಎಂಬ ಹಳೇ ಮಾದರಿಯ ಕನೆಕ್ಟರ್ ಸಿಕ್ಕಿಸಿದ್ದೆ. ಅದರ ಮೈಗೆ ಕೇಬಲಿನ ಹೊರಜಾಲರಿಯನ್ನು ಬೆಸೆಯಬೇಕು. ನಾನೋ, ಡಿಶ್ ಕೇಬಲಿಗೆ ಮಾಡುವ ಹಾಗೆ, ಜಾಲರಿ ಹಿಂದಕ್ಕೆ ಮಡಚಿ ತಿರುಗಿಸಿ ಕೂರಿಸಿದ್ದೆ. ಮನೆಯಲ್ಲಿ ಇಂಥದ್ದೇ ಕನೆಕ್ಟರ್‌ನಿಂದ 7 ಮೆಗಾಹರ್ಟ್ಸ್‌ನಲ್ಲಿ ದೂರದೂರದವರ ಜೊತೆ ಮಾತಾಡಿದ್ದೆನಲ್ಲ, ಅದೇ ಧೈರ್ಯ.

ಕತ್ತರಿಸಿ ಒಗೆದೆ. ಚೀಲದಲ್ಲಿ ಒಂದು ಎನ್ ಕನೆಕ್ಟರ್ ಇತ್ತು. ಅತ್ತೆಯ ಒಲೆಯಲ್ಲಿ ಕಬ್ಬಿಣದ ಕಡ್ಡಿ ಕಾಯಿಸಿ ನಡುವಿನ ಪಿನ್ ಬೆಸೆದೆ, ಜಾಲರಿಯನ್ನು ನಟ್ಟಿನಿಂದ ಬಿಗಿದೆ. ಕೈ ಸುಟ್ಟಿತು. ಏಣಿ ಹತ್ತಿ ಹಚ್ಚಿ ಬಂದೆ. ರೇಡಿಯೋದಲ್ಲಿ ಶರಣು ಒದರುತ್ತಿದ್ದ:

“ಎಲ್ಲಿ ಸತ್ತಿದ್ದಿ ಮಾರಾಯಾ? ಕರದು ಕರದು ಗಂಟಲ ಒಣಗ್ಯಾದ. ಆರಕ್ಕ ಗೇಟ್ ಎತ್ತತಾರ!”

ಆಗಲೇ ಐದಾಗಿತ್ತು. ಮಾಮಾ ಓಡಿದ. ನಾನು ದಂಡೆಯಲ್ಲಿ ಗಡಿಯಾರ ನೋಡುತ್ತಾ ನಿಂತೆ. ಎರಡು ಬಲೆಯೊಂದಿಗೆ ತಿರುಗಿ ಬಂದ.

“ನಾಲ್ಕಕ್ಕ ಹೇಳಿದ್ದರ ನಾಲ್ಕೂ ಬರ್ತಿದ್ವು” ಎಂದ. ಅಷ್ಟೇ.

ಕೆಳಗಿನ ಫ್ರೀಕ್ವೆನ್ಸಿ ಒರಟು ಕೆಲಸವನ್ನು ಸಹಿಸಿಕೊಳ್ಳುತ್ತದೆ, ಮೇಲಿನದು ಸಹಿಸುವುದಿಲ್ಲ. 7ಕ್ಕೆ ಸರಿಯಾಗಿ ಬೆಸೆದ ಪಿಎಲ್-259 ಸಾಕು, 145ಕ್ಕೂ ನಡೆಯುತ್ತದೆ. 435ಕ್ಕೆ ನಾನಂತೂ ಎನ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹಚ್ಚಿದ ಮೇಲೆ ಮೀಟರ್ ನೋಡದೆ ಯಾರಿಗೂ ‘ಇಷ್ಟು ಹೊತ್ತಿಗೆ ಕರಿ’ ಎಂದು ಹೇಳುವುದಿಲ್ಲ.

ನೀವು ಯಾವ ಬ್ಯಾಂಡಿಗೆ ಯಾವ ಕನೆಕ್ಟರ್ ಹಾಕಿದ್ದೀರಿ, ಎಲ್ಲಿ ಕೈ ಕೊಟ್ಟಿತು? ನಾಚಿಕೆ ಬಿಟ್ಟು ಬರೆಯಿರಿ, ನಾನು ಬರೆದಿಲ್ಲವೇ!