ಬ್ರೇಕಿನ ಕೊಳವೆಯಲ್ಲಿ ಚೆಂಡುಹೂವು

೧೯೮೯ರಲ್ಲಿ ಒಂಬತ್ತನೇ ಇಯತ್ತೆ ಅರ್ಧಕ್ಕೆ ಬಿಟ್ಟು ಹುಬ್ಬಳ್ಳಿಯ ಲಾರಿ ಗ್ಯಾರೇಜು ಸೇರಿದೆ. ಆಮೇಲೆ ನನಗೆ ಪಾಠ ಕಲಿಸಿದವರೆಲ್ಲ ಗಾಡಿಯವರೇ. ಅವರಲ್ಲಿ ಕೊನೆಯವರು, ಎಲ್ಲರಿಗಿಂತ ಎತ್ತರದವರು, ನಮ್ಮ ಡ್ರೈವರ್ ಸಾಹೇಬರು. ಹಾಲೆಂಡಿನವರು. ಅಂಗಿ ಬಿಚ್ಚಿದರೆ ಎರಡೂ ಹೆಗಲ ಮೇಲೆ ಅಂಗೈ ಅಗಲದ ಕಂದು ಪಟ್ಟಿ ಕಾಣುತ್ತಿತ್ತು. ನೊಗ ತಿಕ್ಕಿ ಎತ್ತಿನ ಹೆಗಲು ಕಾಯಿಗಟ್ಟುತ್ತದಲ್ಲ, ಹಾಗೆ. ಇಪ್ಪತ್ತು ವರ್ಷ ರೇಸ್ ಕಾರಿನ ಬೆಲ್ಟು ತಿಕ್ಕಿ ಆದ ಗುರುತು ಅದು.

ಅವರು ಓಡಿಸುತ್ತಿದ್ದದ್ದು ಆರು ತಾಸು, ಹನ್ನೆರಡು ತಾಸು, ಕೆಲವೊಮ್ಮೆ ಇಡೀ ದಿನ ನಡೆಯುವ ಉದ್ದನೆಯ ರೇಸುಗಳಲ್ಲಿ. ಕಾರು ಒಂದು, ಡ್ರೈವರು ಮೂವರು, ಸರದಿ ಪ್ರಕಾರ. ಹರೆಯದಲ್ಲಿ ಒಂಟಿ ಸೀಟಿನ ಕಾರಿನಲ್ಲಿ ದೊಡ್ಡ ಹೆಸರು ಮಾಡಬೇಕೆಂದಿದ್ದರಂತೆ. ಬೆನ್ನಿಗೆ ನಿಲ್ಲುವವರು ಸಿಗಲಿಲ್ಲ. ಹಾಗಾಗಿ ಈ ಕಡೆ ಬಂದು ಯುರೋಪು, ಜಪಾನು, ಅಮೆರಿಕ ಅಂತ ಕರೆದಲ್ಲಿ ಹೋಗಿ ಓಡಿಸಿದರು. ಗೆದ್ದ ಕಪ್ ಎತ್ತಿ ಹಿಡಿದ ಫೋಟೋಗಳಲ್ಲಿ ಅವರು ಯಾವಾಗಲೂ ಅಂಚಿನಲ್ಲಿ. "ಕಾರನ್ನ ಮುಂದಿನವನ ಕೈಗೆ ಹುಷಾರಾಗಿ ಕೊಡೋದು, ನನ್ನ ಕೆಲಸ ಇಷ್ಟೇ" ಎನ್ನುತ್ತಿದ್ದರು. ಮುಂದಿನವನಿಗಾಗಿ ಬೆಲ್ಟು ಸಡಿಲ ಮಾಡಿ, ಸ್ಟೇರಿಂಗಿನ ಬೆವರು ಒರೆಸಿ ಇಳಿಯುವ ಇನ್ನೊಬ್ಬ ಡ್ರೈವರನ್ನು ನಾನು ಕಂಡಿಲ್ಲ.

ನನ್ನನ್ನು ಅಮೆರಿಕದ ಮಿಶಿಗನ್‌ಗೆ ಕರೆಸಿಕೊಂಡವಳು ಅಕ್ಕ. ಲಿವೋನಿಯಾದಲ್ಲಿ ರೇಸ್ ಕಾರು ಸಿದ್ಧಮಾಡುವ ಶಾಪಿನಲ್ಲಿ ನೆಲ ಒರೆಸುತ್ತ ಶುರುಮಾಡಿ ಬ್ರೇಕಿನ ಕೆಲಸದವರೆಗೆ ಬಂದೆ. ಸಾಹೇಬರು ಓಡಿಸುತ್ತಿದ್ದದ್ದು ಆ ಶಾಪಿನ ಕಾರನ್ನೇ. ಪಕ್ಕದ ಪ್ಲಿಮತ್‌ನಲ್ಲಿ ನಮ್ಮ ಕನ್ನಡದವರೊಬ್ಬರ ಮನೆಗೆ ಊಟಕ್ಕೆ ಹೋದಾಗ ಡಾಕ್ಟರ್ ಅಂಕಲ್ ಒಬ್ಬರು ಕೇಳಿದ್ದರು, "ಏನಪ್ಪಾ ಓದಿದೀಯ?"

"ಒಂಬತ್ತನೇ ಇಯತ್ತೆ, ಅಂಕಲ್."

"ಅದಲ್ಲಪ್ಪಾ, ಇಲ್ಲಿಗೆ ಬಂದಮೇಲೆ?"

"ಬ್ರೇಕು."

ಅಂಕಲ್ ಮೊಸರನ್ನದ ಕಡೆ ಹೋದರು. ಮರುದಿನ ಇದನ್ನು ಹೇಳಿದಾಗ ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಅವರಿಗೆ ನನ್ನ ಹೆಂಡತಿ ಮಾಡಿದ ಶೇಂಗಾ ಚಟ್ನಿಪುಡಿ ಅಂದರೆ ಪ್ರಾಣ. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿ ಮೇಲೆ ಉದುರಿಸಿಕೊಳ್ಳುವರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಡಬ್ಬಿ ಬಿಡರು. ನಮ್ಮ ಭಾಷೆಯಲ್ಲಿ ಅವರು ಕಲಿತದ್ದು ಸ್ವಲ್ಪವೇ. ಅವರು ಕಾರಿನಿಂದ ಇಳಿದ ಕೂಡಲೇ ನಾನು "ಹೆಂಗದ?" ಅನ್ನಬೇಕು, ಅವರು "ಚಲೋ ಅದ" ಅನ್ನಬೇಕು.

ಅವರಿಗೆ ನಲವತ್ತಾರು ತುಂಬಿದ ವರ್ಷ ಶಾಪಿನ ಮಾಲೀಕನಿಗೆ ಅನುಮಾನ ಬಂತು. ಮುಂದಿನ ವರ್ಷಕ್ಕೆ ಇವರನ್ನೇ ಇಟ್ಟುಕೊಳ್ಳುವುದೋ, ಇಪ್ಪತ್ತೆರಡರ ಹೊಸಬನನ್ನು ತರುವುದೋ? ಅಕ್ಟೋಬರಿನಲ್ಲಿ ಶಿಕಾಗೋ ಹತ್ತಿರದ ಟ್ರ್ಯಾಕಿನಲ್ಲಿ ಒಂದೇ ಕಾರನ್ನು ಇಬ್ಬರಿಂದಲೂ ಓಡಿಸಿ ನೋಡುವುದೆಂದಾಯಿತು.

ಹೊರಡುವ ದಿನವೇ ಖಂಡೇನವಮಿ. ನಮ್ಮ ಕಡೆ ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ. ಪ್ರತಿ ವರ್ಷ ಶಾಪಿನಲ್ಲಿ ನನ್ನ ಪಾನಾ, ಜ್ಯಾಕುಗಳಿಗೆ ಕುಂಕುಮ ಇಡುತ್ತಿದ್ದೆ. ಮಾಲೀಕ ನಕ್ಕು ಸುಮ್ಮನಾಗುತ್ತಿದ್ದ, ಕಾರಿಗೆ ಮಾತ್ರ ಏನೂ ಮಾಡಬೇಡ ಎಂದಿದ್ದ. ಆ ವರ್ಷ ಸಾಹೇಬರ ಸಲುವಾಗಿ ಮನಸ್ಸು ತಡೆಯಲಿಲ್ಲ. ನಮ್ಮ ಹಿತ್ತಲಿನ ಚೆಂಡುಹೂವಿನ ಮಾಲೆಯನ್ನು ಕಾರಿನ ಮೂತಿಗೆ ಹಾಕಿ, ಊದಿನಕಡ್ಡಿ ಬೆಳಗಿ, ಟ್ರೇಲರಿಗೆ ಏರಿಸುವ ಮುಂಚೆ ಬಿಚ್ಚಿಬಿಟ್ಟೆ. ಹೂವು ಎಣಿಸಲಿಲ್ಲ.

ಟ್ರ್ಯಾಕಿನಲ್ಲಿ ಹೊಸಬ ಐದೇ ಸುತ್ತು ಹೊಡೆದು ಒಳ್ಳೆ ಟೈಮ್ ಮಾಡಿ ಇಳಿದ. ಸಾಹೇಬರದು ಒಂದು ತಾಸಿನ ಓಟ. ಹೊತ್ತು ಹೋದಂತೆ ನಿಧಾನವಾದರು. ಎಂಜಿನಿಯರ್ ಲ್ಯಾಪ್‌ಟಾಪ್ ತಿರುಗಿಸಿ ಮಾಲೀಕನಿಗೆ ತೋರಿಸಿದ. "ನೋಡಿ, ತಿರುವಿಗೆ ಎಷ್ಟು ಮುಂಚೆ ಬ್ರೇಕ್ ಹಿಡೀತಾರೆ. ವಯಸ್ಸಾಯ್ತು."

ಸಾಹೇಬರು ಇಳಿದಾಗ ನಾನು, "ಹೆಂಗದ?"

"ಚಲೋ ಇಲ್ಲ. ಬ್ರೇಕ್ ಒತ್ತಿದರೆ ಬಲಕ್ಕೆ ಎಳೀತಾ ಇದೆ." ಹೆಲ್ಮೆಟ್ಟು ಬಿಚ್ಚುತ್ತ, "ಅಥವಾ ನನ್ನ ಕಾಲಿಗೇ ವಯಸ್ಸಾಯಿತೋ ಏನೋ" ಎಂದರು. ಆ ಮನುಷ್ಯನ ಬಾಯಲ್ಲಿ ಅಂಥ ಮಾತು ಅದೇ ಮೊದಲು.

ಎಡಗಡೆಯ ಮುಂದಿನ ಗಾಲಿ ಬಿಚ್ಚಿದೆ. ಬ್ರೇಕಿಗೆ ಗಾಳಿ ತರುವ ಕೊಳವೆಯ ಬಾಗಿನಲ್ಲಿ ಚೆಂಡುಹೂವು, ದಾರದ ಸಮೇತ ಸಿಕ್ಕಿಕೊಂಡು ಅರ್ಧ ಸುಟ್ಟಿತ್ತು. ಗಾಳಿ ಸಿಗದ ಎಡ ಬ್ರೇಕು ಸುತ್ತು ಹೋದಂತೆ ಕಾದು ಹಿಡಿತ ಬಿಟ್ಟಿತ್ತು; ಹೊಸಬನ ಐದೇ ಸುತ್ತಿಗೆ ಅದು ಗೊತ್ತಾಗುವಂತಿರಲಿಲ್ಲ. ಯಾರೂ ನೋಡಿರಲಿಲ್ಲ. ಜೇಬಿಗೆ ಇಳಿಸಿದರೆ ಮುಗಿಯಿತು. ಹೇಳಿದರೆ ಕೆಲಸ ಹೋಗುತ್ತದೆ. ಒಂಬತ್ತನೇ ಇಯತ್ತೆ ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಲಿ? ತಲೆ ಎತ್ತಿದೆ. ಸಾಹೇಬರು ಕಿಟಕಿಯಿಂದ ಒಳಗೆ ಬಗ್ಗಿ ಸ್ಟೇರಿಂಗ್ ಒರೆಸುತ್ತಿದ್ದರು. ಅವರ ನಂತರ ಕೂರುವವರು ಅವತ್ತು ಯಾರೂ ಇರಲಿಲ್ಲ.

ಹೂವು ಹಿಡಿದುಕೊಂಡು ನೆಟ್ಟಗೆ ಮಾಲೀಕನ ಮುಂದೆ ನಿಂತೆ. "ತಪ್ಪು ನನ್ನದು. ಅವರ ಕಾಲಿನದಲ್ಲ."

"ಟೂಲ್ ಬಾಕ್ಸ್ ತಗೊಂಡು ನಡಿ" ಎಂದ.

ಸಾಹೇಬರು ಬಂದು ಹೂವನ್ನು ತಿರುಗಿಸಿ ನೋಡಿದರು. "ಇದನ್ನ ಯಾಕೆ ಹಾಕಿದೆ?"

"ನಿಮ್ಮ ಸೀಟು ಉಳೀಲಿ ಅಂತ್ರೀ."

"ಪುಣ್ಯಾತ್ಮ, ಸೀಟು ಉಳಿಸೋಕೆ ಹೋಗಿ ನನ್ನನ್ನೇ ಗೋಡೆಗೆ ಕಳಿಸ್ತಿದ್ದೆಯಲ್ಲ!" ನಗುತ್ತಿದ್ದವರು ಮಾಲೀಕನ ಕಡೆ ತಿರುಗಿದಾಗ ನಗು ಇರಲಿಲ್ಲ. "ಇದು ಜೀವ ತೆಗೆಯೋ ತಪ್ಪು, ಸಣ್ಣದು ಅನ್ನೋಲ್ಲ. ಆದರೆ ತಾನೇ ತಂದು ಕೈಗೆ ಕೊಟ್ಟ. ಬ್ರೇಕು ಇವನೇ ಜೋಡಿಸಲಿ. ನಾನು ಇನ್ನೊಂದು ತಾಸು ಓಡಿಸ್ತೀನಿ."

ಮಾಲೀಕ ಗಡಿಯಾರ ನೋಡಿ, "ಒಂದೇ ತಾಸು" ಅಂದ. ಪ್ರತಿ ನಟ್ಟನ್ನೂ ಬಾಯಲ್ಲಿ ಎಣಿಸುತ್ತ ಬಿಗಿದೆ. ಅವರು ಪರೀಕ್ಷೆ ಮಾಡದೆ ಹತ್ತಿ ಕೂತರು. ಆ ತಾಸಿನ ಕೊನೆಯ ಸುತ್ತು ಮೊದಲ ಸುತ್ತಿನಷ್ಟೇ ಜೋರಾಗಿತ್ತು. ಎಂಜಿನಿಯರ್ ಲ್ಯಾಪ್‌ಟಾಪ್ ಮುಚ್ಚಿದ. ಇಳಿದವರು ನಾನು ಕೇಳುವ ಮುಂಚೆಯೇ "ಚಲೋ ಅದ" ಅಂದರು.

ಅವರ ಸೀಟು ಇನ್ನೂ ಮೂರು ವರ್ಷ ಉಳಿಯಿತು. ನನ್ನ ಕೆಲಸವೂ ಉಳಿಯಿತು, ಆರು ತಿಂಗಳು ಮಾಲೀಕ ನನ್ನ ಹಿಂದೆಯೇ ಬಂದು ಎಲ್ಲ ನಟ್ಟು ತಿರುವಿ ನೋಡಿದರೂ. ಈಗ ಸಾಹೇಬರು ತಮ್ಮ ಊರಿನಲ್ಲಿದ್ದಾರೆ, ಓಡಿಸುವುದು ಬಿಟ್ಟಿದ್ದಾರೆ. ಖಂಡೇನವಮಿಗೆ ತಪ್ಪದೆ ಫೋನ್ ಬರುತ್ತದೆ. ಹಲೋ ಕೂಡ ಇಲ್ಲ. "ಹೂವು ಎಣಿಸಿದೆಯಾ?"

ಎಣಿಸಿದ್ದೇನೆ. ಈಗ ನನ್ನ ಹತ್ತಿರ ಇರುವುದು ಎರಡು ಟೂಲ್ ಪೆಟ್ಟಿಗೆ, ನನ್ನ ಕೈ ಕೆಳಗೆ ನಾಲ್ಕು ಜನ, ಕೊನೆಯ ರೇಸಿನ ದಿನ ಅವರು ಬಿಚ್ಚಿಕೊಟ್ಟ ಒಂದು ಜೊತೆ ಗ್ಲೌಸು. ಈ ವರ್ಷ ಪೆಟ್ಟಿಗೆಗೆ ಹಾಕಿದ ಮಾಲೆಯಲ್ಲಿ ನಲವತ್ತೊಂದು ಹೂವು. ಬಿಚ್ಚಿದಾಗಲೂ ನಲವತ್ತೊಂದು.